ಅಂಕಿತಕ್ಕೆ ಮೊದಲೇ ನಿಂತ ಹಾಡು

ಧಾರವಾಡದ ಒಂದು ಗ್ಯಾಲರಿಯಲ್ಲಿ ನಡೆದದ್ದು. ಇವತ್ತಿಗೂ ನೆನೆಸಿಕೊಂಡರೆ ಹೊಟ್ಟೆ ಹಿಂಡುತ್ತದೆ.

ಬಸವಣ್ಣನವರ ‘ಎನ್ನ ಕಾಯವ ದಂಡಿಗೆಯ ಮಾಡಯ್ಯಾ’ ವಚನದ ಮೇಲೆ ಮಾಡಿದ ಇನ್‌ಸ್ಟಲೇಶನ್ ಅದು. ನನ್ನ ಮೈ ತಂತಿವಾದ್ಯದ ದಂಡಿಗೆಯಾಗಲಿ, ತಲೆ ಸೋರೆಯಾಗಲಿ, ನರ ತಂತಿಯಾಗಲಿ ಅಂತ 12ನೇ ಶತಮಾನದಲ್ಲಿ ಬೇಡಿಕೊಂಡ ಮಾತು. ಕಲಾವಿದೆ ಕತ್ತಲೆ ಕೋಣೆಯಲ್ಲಿ ಒಣಗಿದ ಸೋರೆ ಬುರುಡೆಗಳನ್ನು ಎದೆಮಟ್ಟಕ್ಕೆ ಇಳಿಬಿಟ್ಟಿದ್ದರು. ಒಂದೊಂದರೊಳಗೂ ಪುಟ್ಟ ಸ್ಪೀಕರ್, ಅದರಲ್ಲಿ ಆ ವಚನದ ಹಾಡು. ಬುರುಡೆ ಮೇಲೆ ಅಂಗೈ ಇಟ್ಟರೆ ತಂಬೂರಿಯ ಷಡ್ಜ ಚರ್ಮಕ್ಕೇ ತಾಗುತ್ತಿತ್ತು. ಸೌಂಡು, ಸೆನ್ಸರ್ ಎಲ್ಲ ನನ್ನ ಕೆಲಸ.

‘ಅಂಕಿತ ಮುಗಿಯೋವರೆಗೆ ನಿಲ್ಲಬಾರದು’ ಅಂತ ಕಲಾವಿದೆ ಮೂರು ಸಲ ಹೇಳಿದ್ದರು. ನಮ್ಮ ಮೇಲಿನವರದ್ದು ಬೇರೆ ಹಟ, ಖಾಲಿ ಕೋಣೆಯಲ್ಲಿ ಏನೂ ಓಡಬಾರದು. ಅವರು ಒಮ್ಮೆಯೂ ಆ ಕೋಣೆಯಲ್ಲಿ ಕೂತು ಕೇಳಿರಲಿಲ್ಲ. ನಾನು ಕೋಣೆಯಲ್ಲಿ ಜನ ಇದ್ದಾರಾ ಅಂತ ನೋಡೋಕೆ ಪಿಐಆರ್ ಸೆನ್ಸರ್ ಹಾಕಿ, 60 ಸೆಕೆಂಡ್ ಯಾರೂ ಕಾಣದಿದ್ದರೆ ಹಾಡು ನಿಲ್ಲುವ ಹಾಗೆ ಟೈಮ್‌ಔಟ್ ಇಟ್ಟೆ. ಕೇಬಲ್ ಹಿಡಿದು ಕೋಣೆ ತುಂಬ ಓಡಾಡುತ್ತಲೇ ಟೆಸ್ಟ್ ಮಾಡಿದೆ. ಪ್ರತಿ ಸಲವೂ ಪಾಸ್.

ಮೊದಲ ದಿನ ಬೆಳಗ್ಗೆ ಒಬ್ಬ ಅಜ್ಜಿ ಬಂದರು. ಹಣೆ ತುಂಬ ವಿಭೂತಿ. ಚಪ್ಪಲಿ ಹೊರಗೇ ಬಿಟ್ಟರು, ಬಿಡಿ ಅಂತ ಯಾರೂ ಹೇಳಿರಲಿಲ್ಲ. ನೆಲದ ಮೇಲೆ ಕೂತು, ಕೊರಳಲ್ಲಿದ್ದ ಇಷ್ಟಲಿಂಗದ ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದು ಕಣ್ಣು ಮುಚ್ಚಿದರು. ಆಮೇಲೆ ಒಂಚೂರೂ ಅಲುಗಾಡಲಿಲ್ಲ.

ಬಾಗಿಲಲ್ಲಿ ನಿಂತಿದ್ದ ನನಗೆ ಆಗ ಹೊಳೆಯಿತು. ಬಿಸಿ ಮೈ ಅಲುಗಾಡಿದರೆ ಮಾತ್ರ ಪಿಐಆರ್‌ಗೆ ಅಲ್ಲಿ ಮನುಷ್ಯರಿದ್ದಾರೆ ಅಂತ ಗೊತ್ತಾಗೋದು. ಧ್ಯಾನಕ್ಕೆ ಕೂತವರು ಅದರ ಲೆಕ್ಕಕ್ಕೆ ಇಲ್ಲವೇ ಇಲ್ಲ. ಒಳಗೆ ಹೋಗಿ ಕೈ ಬೀಸಲಾ, ಅವರ ಧ್ಯಾನ ಕೆಡಿಸಲಾ? ಸೌಂಡ್ ಸಿಸ್ಟಮ್‌ನ ರ್‍ಯಾಕ್ ಇದ್ದದ್ದು ಹಿಂದಿನ ರೂಮಿನಲ್ಲಿ. ಬೀಗದ ಕೈ ಇನ್ನೊಬ್ಬರ ಹತ್ತಿರ. ಯೋಚಿಸುತ್ತಾ ನಿಂತೇಬಿಟ್ಟೆ. ‘ಬತ್ತೀಸ ರಾಗವ ಹಾಡಯ್ಯಾ’ ಆಯಿತು, ‘ಉರದಲೊತ್ತಿ ಬಾರಿಸು’ ಅಂತ ದನಿ ಏರಿತು, ಫೇಡ್ ಆಗಿ ನಿಂತೇ ಹೋಯಿತು.

ಅಜ್ಜಿ ಕಣ್ಣು ತೆರೆಯಲಿಲ್ಲ. ಸ್ವಲ್ಪ ಹೊತ್ತು ಕಾದರು. ಆಮೇಲೆ ತಾವೇ ಮೆಲ್ಲಗೆ ‘ಕೂಡಲಸಂಗಮದೇವಾ’ ಅಂತ ಎತ್ತಿಕೊಂಡು, ಕರಡಿಗೆ ಹಿಡಿದ ಕೈಯನ್ನು ಹಣೆಗೆ ಒಯ್ದರು. ಅಷ್ಟಕ್ಕೇ ಸೆನ್ಸರ್ ಎದ್ದಿತು. ಅವರ ದನಿಯ ಮೇಲೇ ಮೊದಲಿನಿಂದ ಹಾಡು ಶುರುವಾಯಿತು, ಫುಲ್ ವಾಲ್ಯೂಮಿನಲ್ಲಿ. ಬೆಚ್ಚಿಬಿದ್ದರು ಪಾಪ.

ಹೊರಗೆ ಬಂದವರು ನನ್ನ ಕೊರಳಿನ ಐಡಿ ಕಾರ್ಡ್ ನೋಡಿ, ‘ಯಾಕೋ ತಮ್ಮಾ, ಅಂಕಿತಾನೇ ಬರಲಿಲ್ಲಲ್ಲೋ?’ ಅಂದರು. ಸಿಟ್ಟಿರಲಿಲ್ಲ. ಏನೋ ಕಳೆದುಹೋಗಿದೆ, ನಿನಗೆ ಸಿಕ್ಕಿತೇನು ಅಂತ ಕೇಳಿದ ಹಾಗಿತ್ತು. ‘ತಪ್ಪಾತ್ರೀ ಅಮ್ಮಾ’ ಅಂದೆ. ಬೇರೇನೂ ಬಾಯಿಗೆ ಬರಲಿಲ್ಲ.

ಅಂಕಿತ ಅಂದರೆ ಹಾಡಿನ ಕೊನೆಯ ತುಂಡು ಅಂದುಕೊಂಡಿದ್ದೆ. ವಚನ ಯಾರಿಗೆ ಹೇಳಿದ್ದು ಅನ್ನೋದು ಇರೋದೇ ಅಲ್ಲಿ. ಅದನ್ನೇ ಕತ್ತರಿಸಿಬಿಟ್ಟೆ. ಮೂರು ಸಲ ಹೇಳಿಸಿಕೊಂಡೂ!

ಮಧ್ಯಾಹ್ನವೇ ಸ್ಟಾಪ್ ಟ್ರಿಗರ್ ಕಿತ್ತು ಹಾಕಿದೆ. ಸೆನ್ಸರ್ ಶುರು ಮಾಡಲಿ ಅಷ್ಟೇ, ಶುರುವಾದದ್ದು ಕೊನೆವರೆಗೆ ಓಡಲಿ. ಖಾಲಿ ಕೋಣೆಯಲ್ಲಿ ಹಾಡು ಓಡಿದರೆ ಓಡಲಿ ಅಂತ ಮೇಲಿನವರಿಗೆ ನೇರವಾಗಿಯೇ ಹೇಳಿದೆ. ಸಂಜೆ ಎಲ್ಲರೂ ಹೋದ ಮೇಲೆ ಚಪ್ಪಲಿ ಹೊರಗೆ ಬಿಟ್ಟು, ಅಜ್ಜಿ ಕೂತ ಜಾಗದಲ್ಲೇ ಕೂತೆ. ಕೈಕಾಲು ಆಡಿಸಲಿಲ್ಲ. 60 ಸೆಕೆಂಡ್ ದಾಟಿತು. ಅಂಕಿತ ಬರೋವರೆಗೆ ಹಾಗೇ ಕೂತಿದ್ದೆ.