ಉತ್ತರ ಬರಲು ನಾಲ್ಕು ವರ್ಷ

ಮಗಳ ನೋಟ್‌ಬುಕ್ಕಿನ ಮೂರನೇ ಪುಟದಲ್ಲಿ ಒಬ್ಬಳು ಕ್ಯಾಪ್ಟನ್ ಒಬ್ಬ ಮೇಜರ್‌ಗೆ ಸೆಲ್ಯೂಟ್ ಹೊಡೆಯುತ್ತಿದ್ದಳು. ನಾನು ಅಲ್ಲೇ ನಿಂತುಬಿಟ್ಟೆ.

"ಇವ್ಳು ಹಡಗಿನ ಕ್ಯಾಪ್ಟನ್ನಾ, ಆರ್ಮಿ ಕ್ಯಾಪ್ಟನ್ನಾ?"

"ಅಂತರಿಕ್ಷ ನೌಕೆ ಅಂದ್ಮೇಲೆ ಹಡಗಿನವಳೇ ಅಲ್ವಾ ಅಪ್ಪಾ?"

"ಹಂಗಾದ್ರೆ ಸೆಲ್ಯೂಟ್ ಹೊಡೀಬೇಕಾದವ ಮೇಜರ್."

ಹೀಗೆ ಶುರುವಾಯಿತು. ಅವಳು ದ್ವಿತೀಯ ಪಿಯುಸಿ ಪರೀಕ್ಷೆ ಮುಗಿಸಿ ಫಲಿತಾಂಶಕ್ಕೆ ಕಾಯುತ್ತಿದ್ದಾಳೆ. ರಜೆಯಲ್ಲಿ ಒಂದು ಕಥೆ ಬರೆಯಲು ಕೂತಿದ್ದಾಳೆ. ಮನುಷ್ಯರು ಪ್ರಾಕ್ಸಿಮಾ ಸೆಂಟಾರಿ ನಕ್ಷತ್ರದ ಬಳಿ ಊರು ಕಟ್ಟಿದ್ದಾರೆ. ಅಲ್ಲಿಗೂ ಇಲ್ಲಿಗೂ ಓಡಾಡುವ ನೌಕೆಗಳಿಗೆ ಒಂದು ನೌಕಾಪಡೆ ಇದೆ. ನಾನು 1989ರಿಂದ 2004ರವರೆಗೆ ಭಾರತೀಯ ನೌಕಾಪಡೆಯ ಸಿಗ್ನಲ್ ಶಾಖೆಯಲ್ಲಿ ನಾವಿಕನಾಗಿದ್ದವನು. ಚಿಲ್ಕಾದಲ್ಲಿ ಮೊದಲ ತರಬೇತಿ, ಕೊಚ್ಚಿಯ ಸಿಗ್ನಲ್ ಸ್ಕೂಲಿನಲ್ಲಿ ಬಾವುಟ, ದೀಪ, ಮೋರ್ಸ್. ಪೆಟ್ಟಿ ಆಫೀಸರ್ ಆಗಿ ನಿವೃತ್ತನಾಗಿ ಅಂಕೋಲೆಗೆ ಬಂದೆ. ಮರುವರ್ಷ ಮೇ 31ಕ್ಕೆ ಪಕ್ಕದ ಕಾರವಾರದಲ್ಲಿ ಐಎನ್ಎಸ್ ಕದಂಬ ನೌಕಾನೆಲೆ ಶುರುವಾಯಿತು. ಹದಿನೈದು ವರ್ಷ ಊರು ಬಿಟ್ಟು ಇದ್ದವನಿಗೆ, ಸಮವಸ್ತ್ರ ಮಡಚಿಟ್ಟ ಮೇಲೆ ನೌಕಾಪಡೆ ಊರ ಬಾಗಿಲಿಗೇ ಬಂದಿತ್ತು.

ಎರಡು ತಿಂಗಳಿಂದ ನಾವಿಬ್ಬರೂ ಸೇರಿ, ಇಲ್ಲದ ಒಂದು ನೌಕಾಪಡೆಯನ್ನು ಕಟ್ಟುತ್ತಿದ್ದೇವೆ.

ಮೊದಲು ದರ್ಜೆಗಳನ್ನು ಸರಿಮಾಡಿದೆವು. ಮಿಡ್‌ಶಿಪ್‌ಮನ್, ಸಬ್ ಲೆಫ್ಟಿನೆಂಟ್, ಲೆಫ್ಟಿನೆಂಟ್, ಲೆಫ್ಟಿನೆಂಟ್ ಕಮಾಂಡರ್, ಕಮಾಂಡರ್, ಕ್ಯಾಪ್ಟನ್, ಕಮೋಡೋರ್, ಅದರ ಮೇಲೆ ಮೂರು ಬಗೆಯ ಅಡ್ಮಿರಲ್‌ಗಳು. ಭೂಸೇನೆಯ ಕ್ಯಾಪ್ಟನ್ ಮೇಜರ್‌ಗಿಂತ ಕೆಳಗೆ, ಆದರೆ ನೌಕಾಪಡೆಯ ಕ್ಯಾಪ್ಟನ್ ಮೇಜರ್‌ಗಿಂತ ಮೇಲಿನ ಕರ್ನಲ್‌ಗೆ ಸಮ ಎಂಬುದು ಅವಳಿಗೆ ಹೊಸ ವಿಷಯ. ಅದಕ್ಕಿಂತ ಅವಳಿಗೆ ಹಿಡಿಸಿದ್ದು ಆ ಪದದ ಎರಡನೇ ಅರ್ಥ. ಹಡಗಿನ ಹೊಣೆ ಹೊತ್ತವನು ದರ್ಜೆಯಲ್ಲಿ ಬರೀ ಲೆಫ್ಟಿನೆಂಟ್ ಕಮಾಂಡರ್ ಆಗಿದ್ದರೂ ಆ ಹಡಗಿನ ಮಟ್ಟಿಗೆ ಅವನೇ ಕ್ಯಾಪ್ಟನ್. ದರ್ಜೆ ತೋಳಿನ ಪಟ್ಟಿಯಲ್ಲಿದೆ, ಕ್ಯಾಪ್ಟನ್ ಎನ್ನುವುದು ಹೊಣೆಯಲ್ಲಿದೆ.

ಆಮೇಲೆ ಅವಳು ಕೇಳಿದ ಪ್ರಶ್ನೆ ಸರಿಯಾದದ್ದೇ. ಆಕಾಶದಲ್ಲಿ ಓಡಾಡುವುದಕ್ಕೆ ವಾಯುಪಡೆ ಸಾಕಲ್ಲ, ನೌಕಾಪಡೆ ಏಕೆ? ವಿಮಾನ ಹಾರಿಸುವವನು ಕೆಲಸ ಮುಗಿಸಿ ನೆಲೆಗೆ ಮರಳುತ್ತಾನೆ. ಹಡಗಿನವನು ಅದರಲ್ಲೇ ತಿಂಗಳುಗಟ್ಟಲೆ ಉಂಡು, ಮಲಗಿ, ಜಗಳವಾಡಿ, ರಾಜಿಯಾಗಿ, ಜ್ವರ ಬಂದರೆ ಅಲ್ಲೇ ಗುಣವಾಗಬೇಕು. ಇದು ಅರ್ಧ ಉತ್ತರ. ಇನ್ನರ್ಧ ನನ್ನ ಕಸುಬಿಗೆ ಸೇರಿದ್ದು.

ಮಂಗಳ ಗ್ರಹಕ್ಕೆ ಒಂದು ಸಂಕೇತ ತಲುಪಲು, ಅದು ನಮಗೆ ಎಷ್ಟು ಹತ್ತಿರವಿದೆ ಎಂಬುದರ ಮೇಲೆ, 3ರಿಂದ 22 ನಿಮಿಷ ಬೇಕು. ಸೌರಮಂಡಲದ ಗ್ರಹಗಳನ್ನೆಲ್ಲ ದಾಟಿ ಹೋಗಿರುವ ವಾಯೇಜರ್-1 ನೌಕೆ ಕಳಿಸಿದ ಸಂಕೇತ ನಮಗೆ ಬರಲು ಹೆಚ್ಚುಕಡಿಮೆ ಒಂದಿಡೀ ದಿನ. ಪ್ರಾಕ್ಸಿಮಾ ಸೆಂಟಾರಿ 4.24 ಜ್ಯೋತಿರ್ವರ್ಷ ದೂರದಲ್ಲಿದೆ, ಅಂದರೆ ಬೆಳಕಾಗಲಿ ರೇಡಿಯೋ ಸಂಕೇತವಾಗಲಿ ಅಲ್ಲಿಂದ ಬರಲು ಅಷ್ಟು ವರ್ಷ ಬೇಕು. ಅಲ್ಲಿಂದ "ಏನು ಮಾಡಲಿ?" ಎಂದು ಕೇಳಿದರೆ ಪ್ರಶ್ನೆ ಇಲ್ಲಿಗೆ ಬರಲು ನಾಲ್ಕು ವರ್ಷ, ಉತ್ತರ ಮರಳಲು ಇನ್ನೂ ನಾಲ್ಕು ವರ್ಷ. ತಂತಿ ಮತ್ತು ರೇಡಿಯೋ ಬರುವುದಕ್ಕೆ ಮುಂಚಿನ ಹಾಯಿಹಡಗಿನ ಕ್ಯಾಪ್ಟನ್ ಹೀಗೇ ಬದುಕಿದ್ದ. ಹೊರಡುವಾಗ ಕೈಗೆ ಕೊಟ್ಟ ಲಿಖಿತ ಆದೇಶ, ಆಮೇಲೆ ತನ್ನ ಬುದ್ಧಿ. ನನ್ನಂಥ ಸಿಗ್ನಲ್‌ನವರು ಹಡಗಿಗೆ ಬಂದ ಮೇಲೆ ಆ ಸ್ವಾತಂತ್ರ್ಯ ಕಿರಿದಾಯಿತು. ನಕ್ಷತ್ರಗಳ ದೂರ ಅದನ್ನು ತಿರುಗಿ ತರುತ್ತದೆ.

ಅವಳಿಗೆ ನಾಟಿಲಸ್ ಹಡಗಿನ ಪ್ರಸಂಗ ಹೇಳಿದೆ. ನಾಟಿಲಸ್ ಈಸ್ಟ್ ಇಂಡಿಯಾ ಕಂಪನಿಯ ನೌಕಾಪಡೆಯಾದ ಬಾಂಬೆ ಮರೀನ್‌ಗೆ ಸೇರಿದ ಪುಟ್ಟ ಬ್ರಿಗ್, ಎಂದರೆ ಎರಡು ಕಂಬದ ಹಾಯಿಹಡಗು. ನಮ್ಮ ನೌಕಾಪಡೆಯ ಬೇರು ಆ ಬಾಂಬೆ ಮರೀನ್‌ನಲ್ಲೂ ಇದೆ. ಬ್ರಿಟನ್ ಮತ್ತು ಅಮೆರಿಕದ ನಡುವಿನ ಯುದ್ಧಕ್ಕೆ 1814ರ ಡಿಸೆಂಬರ್ 24ರಂದು ಗೆಂಟ್ ನಗರದಲ್ಲಿ ಒಪ್ಪಂದಕ್ಕೆ ಸಹಿ ಬಿತ್ತು. ಮರುವರ್ಷ ಜೂನ್ 30ರಂದು, ಅಂದರೆ ಆರು ತಿಂಗಳ ಮೇಲೆ, ಜಾವಾ ಮತ್ತು ಸುಮಾತ್ರಾ ನಡುವಿನ ಸುಂಡಾ ಜಲಸಂಧಿಯಲ್ಲಿ ಅಮೆರಿಕದ ಪೀಕಾಕ್ ಎಂಬ ಯುದ್ಧನೌಕೆ ನಾಟಿಲಸ್‌ಗೆ ಎದುರಾಯಿತು. ನಾಟಿಲಸ್‌ನ ಲೆಫ್ಟಿನೆಂಟ್ ಬಾಯ್ಸ್, ಶಾಂತಿಯಾಗಿದೆ ಎಂದು ಹೇಳಿಕಳಿಸಿದ. ಪೀಕಾಕ್‌ನ ವಾರಿಂಗ್ಟನ್ ನಂಬಲಿಲ್ಲ. ಹಾಗಿದ್ದರೆ ಮಣಿದ ಗುರುತಿಗೆ ಬಾವುಟ ಇಳಿಸು ಎಂದ. ಬಾಯ್ಸ್ ಇಳಿಸಲಿಲ್ಲ. ಗುಂಡು ಹಾರಿತು, ಜನ ಸತ್ತರು, ಬಾಯ್ಸ್ ಕಾಲು ಕಳೆದುಕೊಂಡ. ಒಪ್ಪಂದದ ಕಾಗದಗಳನ್ನು ನೋಡಿದ ಮೇಲೆ ನಾಟಿಲಸ್ಸನ್ನು ಬಿಟ್ಟುಕೊಟ್ಟರು.

ಮಗಳು ಬಹಳ ಹೊತ್ತು ಮಾತಾಡಲಿಲ್ಲ. ಮರುದಿನ ಅವಳ ನೌಕಾಪಡೆಯ ರಚನೆಯೇ ಬದಲಾಗಿತ್ತು. ನಮ್ಮಲ್ಲಿ ಪಶ್ಚಿಮ ಕಮಾಂಡ್ ಮುಂಬೈಯಲ್ಲಿ, ಪೂರ್ವ ವಿಶಾಖಪಟ್ಟಣದಲ್ಲಿ, ದಕ್ಷಿಣ ಕೊಚ್ಚಿಯಲ್ಲಿ, ದಿಕ್ಕಿನ ಲೆಕ್ಕ. ಅವಳು ದಿಕ್ಕನ್ನು ಬಿಟ್ಟು, ಕೇಳಿದ ಪ್ರಶ್ನೆಗೆ ಉತ್ತರ ಬರುವ ಕಾಲದ ಮೇಲೆ ಕಮಾಂಡ್‌ಗಳನ್ನು ಮಾಡಿದಳು. ಒಂದು ದಿನದೊಳಗೆ ಉತ್ತರ ಸಿಗುವಷ್ಟು ದೂರದಲ್ಲಿರುವ ನೌಕೆಗಳು 'ಒಳಬಳಗ'; ಅವರು ಕೇಳಿಯೇ ಮಾಡಬೇಕು. ವರ್ಷಗಳಾಚೆ ಇರುವವರು 'ಹೊರಬಳಗ'. ಅವರಿಗೆ ಮೊಹರು ಹಾಕಿದ ಆದೇಶ, ಮತ್ತು ತಪ್ಪಾದರೆ ತಾವೇ ಹೊರಬೇಕಾದ ಹೊಣೆ. ನನಗೆ ನಿಜಕ್ಕೂ ಹೆಮ್ಮೆಯಾಯಿತು. ಕಮೋಡೋರ್ ಪದವಿಗೂ ಅವಳು ಅಲ್ಲೇ ಜಾಗ ಕಂಡುಕೊಂಡಳು. ಹಿಂದೆ ಅದು ಕಾಯಂ ದರ್ಜೆಯಾಗಿರಲಿಲ್ಲ. ಅಡ್ಮಿರಲ್ ಇಲ್ಲದ ಕಡೆ ನಾಲ್ಕಾರು ಹಡಗು ಕೂಡಿದಾಗ ಹಿರಿಯ ಕ್ಯಾಪ್ಟನ್‌ಗೆ ತಾತ್ಕಾಲಿಕವಾಗಿ ಕೊಡುತ್ತಿದ್ದ ಹೆಸರು. ಹೊರಬಳಗಕ್ಕೆ ಇದಕ್ಕಿಂತ ಒಪ್ಪುವ ಪದವಿ ಇನ್ನಾವುದು?

ಇಂಥ ನೌಕಾಪಡೆಗಳಲ್ಲಿ ಜಗತ್ತಿಗೆಲ್ಲ ಗೊತ್ತಿರುವುದು ಸ್ಟಾರ್ ಟ್ರೆಕ್‌ನ ಸ್ಟಾರ್‌ಫ್ಲೀಟ್. 1966ರ ಸೆಪ್ಟೆಂಬರ್ 8ರಂದು ಅಮೆರಿಕದ ಟಿವಿಯಲ್ಲಿ ಮೊದಲು ಬಂತು. ಮಗಳ ಜೊತೆ ಕೂತು ಕೆಲವು ಕಂತು ನೋಡಿದೆ. ತೋಳಿನ ಪಟ್ಟಿ, ಹಡಗು ನಡೆಸುವ ಜಾಗವಾದ ಬ್ರಿಡ್ಜ್, ಕ್ಯಾಪ್ಟನ್‌ನ ಲಾಗ್, ಪ್ರಕಟಣೆಗೆ ಮುಂಚೆ ಕೇಳುವ ಬೋಸನ್ ಸೀಟಿ, ಎಲ್ಲವೂ ಹಡಗಿನಿಂದಲೇ ಹೋದದ್ದು. ಕೆಳದರ್ಜೆಯ ಅಧಿಕಾರಿಯನ್ನು ಅಲ್ಲಿ 'ಎನ್ಸೈನ್' ಎನ್ನುತ್ತಾರೆ. ಅದು ಅಮೆರಿಕ ನೌಕಾಪಡೆಯ ರೂಢಿ. ನಮ್ಮಲ್ಲಿ ಎನ್ಸೈನ್ ಎಂದರೆ ಹಡಗಿನ ಹಿಂಬದಿಯಲ್ಲಿ ಹಾರುವ ಧ್ವಜ. ಆದರೆ ನನಗೊಂದು ತಕರಾರಿದೆ. ಅಲ್ಲಿ ಕಣ್ಣಿಗೆ ಬೀಳುವವರೆಲ್ಲ ಹೆಚ್ಚಾಗಿ ಅಧಿಕಾರಿಗಳೇ. ಹಡಗು ನಡೆಯುವುದು ನಾವಿಕರಿಂದ. ಅನ್ನ ಬೇಯಿಸುವವನು, ಇಂಜಿನ್ ರೂಮಿನಲ್ಲಿ ಬೆವರುವವನು, ಹಗ್ಗ ಎಳೆಯುವವನು ಇಲ್ಲದೆ ಬ್ರಿಡ್ಜಿನ ಮೇಲೆ ನಿಂತವನು ಯಾರಿಗೆ ಹುಕುಂ ಕೊಡುತ್ತಾನೆ? ಮುಂದಿನ ಸರಣಿಗಳಲ್ಲಿ ಚೀಫ್ ಒಬ್ರಯನ್ ಎಂಬ ಪಾತ್ರ ಬರುತ್ತದೆ. ಅಧಿಕಾರಿಯಲ್ಲ, ಕೈಗೆ ಗ್ರೀಸ್ ಮೆತ್ತಿಕೊಳ್ಳುವ ಚೀಫ್. ಅವನನ್ನು ನೋಡಿದಾಗ ನಮ್ಮ ಮೆಸ್ಸಿನವನೇ ಯಾರೋ ಅಲ್ಲಿಗೆ ಹೋಗಿದ್ದಾನೆ ಅನ್ನಿಸಿತು. ಮಗಳ ಕಥೆಯಲ್ಲಿ ಈಗ ಅಧಿಕಾರಿಗಳಿಗಿಂತ ನಾವಿಕರ ಹೆಸರೇ ಹೆಚ್ಚು.

ಹೆಸರಿನ ವಿಷಯದಲ್ಲಿ ಮಾತ್ರ ಆ ಸರಣಿ ಹಡಗಿನ ಧರ್ಮವನ್ನು ಚೆನ್ನಾಗಿ ಅರಿತಿದೆ. ಅಲ್ಲಿನ ನೌಕೆ ಒಂದು ಎಂಟರ್‌ಪ್ರೈಸ್ ಹೋದರೆ ಇನ್ನೊಂದಕ್ಕೆ ಅದೇ ಹೆಸರು. ನಮ್ಮ ಮೊದಲ ವಿಮಾನವಾಹಕ ಹಡಗು ವಿಕ್ರಾಂತ್ 1961ರಲ್ಲಿ ಬಂದು 1997ರಲ್ಲಿ ನಿವೃತ್ತವಾಯಿತು. 2022ರ ಸೆಪ್ಟೆಂಬರ್ 2ರಂದು ಕೊಚ್ಚಿಯಲ್ಲಿ ಅದೇ ಹೆಸರು ಮತ್ತೆ ಹುಟ್ಟಿತು. ಮೈಸೂರು ಹೆಸರಿನ ಹಡಗೂ ಎರಡು. ಮೊದಲನೆಯದು 1957ರಲ್ಲಿ ಬಂದ ಕ್ರೂಸರ್, ಎರಡನೆಯದು 1999ರ ಡಿಸ್ಟ್ರಾಯರ್. ಅದರ ಲಾಂಛನದಲ್ಲಿ ನಮ್ಮ ಗಂಡಭೇರುಂಡ ಇದೆ, ಕೆಳಗೆ 'ನ ಬಿಭೇತಿ ಕದಾಚನ'. ಎಂದಿಗೂ ಹೆದರದು ಎಂದರ್ಥ, ತೈತ್ತಿರೀಯ ಉಪನಿಷತ್ತಿನ ಮಾತು. ಮಗಳ ನೌಕೆಗೂ ಮೈಸೂರು ಎಂದೇ ಹೆಸರು. ಅದು ಎಷ್ಟನೆಯ ಮೈಸೂರು ಎಂದು ಅವಳು ಹೇಳಿಲ್ಲ, ನಾನೂ ಕೇಳಿಲ್ಲ.

ನನ್ನ ಹತ್ತಿರ ಒಂದು ಬೋಸನ್ ಕಾಲ್, ಅಂದರೆ ಆ ಬೋಸನ್ ಸೀಟಿ, ಇದೆ. ನಿವೃತ್ತಿಯ ದಿನ ಕ್ವಾರ್ಟರ್‌ಮಾಸ್ಟರ್ ಗೆಳೆಯನೊಬ್ಬ ಕೊಟ್ಟದ್ದು. ಬೆರಳುದ್ದದ ಬಾಗಿದ ಕೊಳವೆ, ತುದಿಯಲ್ಲಿ ಗೋಲಿಯಂಥ ಉಂಡೆ, ಉಂಡೆಯ ನೆತ್ತಿಯಲ್ಲಿ ತೂತು, ಕೆಳಗೆ ಹಿಡಿಯಲು ಚಪ್ಪಟೆ ತಗಡು. ಅಂಗೈ ಬಿಚ್ಚಿ ಊದಿದರೆ ತಗ್ಗಿನ ದನಿ. ಬೆರಳುಗಳನ್ನು ಉಂಡೆಯ ಸುತ್ತ ಮುಚ್ಚಿದರೆ ಕಿವಿ ಸೀಳುವ ಎತ್ತರದ ದನಿ. ಗಾಳಿಯ ಆರ್ಭಟದಲ್ಲಿ ಮನುಷ್ಯನ ಕೂಗು ಕೇಳದಿದ್ದಾಗ ಇದು ಕೇಳುತ್ತದೆ. ಹಾಯಿಹಡಗಿನ ಕಾಲದಲ್ಲಿ ಹಿರಿಯ ಅಧಿಕಾರಿಗಳನ್ನು ದೋಣಿಯಿಂದ ಹಗ್ಗದ ಕುರ್ಚಿಯಲ್ಲಿ ಕೂರಿಸಿ ಮೇಲೆಳೆಯುತ್ತಿದ್ದರು. ಎಳೆಯುವವರಿಗೆ 'ಎತ್ತು', 'ನಿಧಾನ', 'ಇಳಿಸು' ಎನ್ನಲು ಸೀಟಿ. ಕುರ್ಚಿ ಹೋಯಿತು, ಸೀಟಿ ಉಳಿಯಿತು. ಇಂದು ಕ್ಯಾಪ್ಟನ್ ಹಡಗಿಗೆ ಹತ್ತುವಾಗ ಅದು ಗೌರವ. ಮಗಳು ಊದಿದಳು. ಮೊದಲು ಬರೀ ಗಾಳಿ, ಮೂರನೇ ಸಲಕ್ಕೆ ದನಿ ಬಂತು, ಹಿತ್ತಲಿನ ಕೋಳಿಗಳೆಲ್ಲ ಚೆದುರಿದವು.

ಗಂಟೆಯನ್ನೂ ಬಿಡಲಿಲ್ಲ. ಹಡಗಿನ ದಿನ ನಾಲ್ಕು ತಾಸಿನ ವಾಚ್‌ಗಳಾಗಿ, ಅಂದರೆ ಕಾವಲಿನ ಪಾಳಿಗಳಾಗಿ, ಒಡೆಯುತ್ತದೆ. ಅರ್ಧ ತಾಸಿಗೊಂದು ಪೆಟ್ಟು ಏರುತ್ತ ಎಂಟು ಪೆಟ್ಟಿಗೆ ವಾಚ್ ಮುಗಿಯುತ್ತದೆ. ಸಂಜೆ ನಾಲ್ಕರಿಂದ ಎಂಟರವರೆಗಿನದನ್ನು ಮಾತ್ರ ಎರಡೆರಡು ತಾಸಿನ ಡಾಗ್ ವಾಚ್‌ಗಳಾಗಿ ಸೀಳುತ್ತಾರೆ. ಆಗ ಆರು ವಾಚ್ ಏಳಾಗುತ್ತದೆ, ನಡುರಾತ್ರಿಯ ಪಾಳಿ ದಿನವೂ ಒಬ್ಬನ ಹಣೆಗೇ ಬರುವುದು ತಪ್ಪುತ್ತದೆ. ಸೂರ್ಯ ಹುಟ್ಟದ, ಮುಳುಗದ ಕಡೆ ಆ ಗಂಟೆಯೇ ಹಗಲು, ಆ ಗಂಟೆಯೇ ರಾತ್ರಿ.

ಕ್ಯಾಪ್ಟನ್ ಒಬ್ಬಂಟಿ ಎಂಬುದನ್ನು ಅವಳಿಗೆ ಹೇಗೆ ಹೇಳಲಿ ಎಂದು ಯೋಚಿಸಿದ್ದೆ. ಕೊನೆಗೆ ಊಟದ ವಿಷಯ ಹೇಳಿದೆ. ದೊಡ್ಡ ಹಡಗುಗಳಲ್ಲಿ ಅಧಿಕಾರಿಗಳ ಮೆಸ್ ವಾರ್ಡ್‌ರೂಮ್. ಕ್ಯಾಪ್ಟನ್ ಅದರ ಸದಸ್ಯನಲ್ಲ. ಅವನ ಊಟ ಅವನ ಕ್ಯಾಬಿನ್ನಿನಲ್ಲಿ. ವಾರ್ಡ್‌ರೂಮಿಗೆ ಬರಬೇಕಾದರೆ ಅವರು ಕರೆಯಬೇಕು, ಇವನು ಅತಿಥಿಯಾಗಿ ಬರಬೇಕು. ಇಡೀ ಹಡಗೇ ತನ್ನ ಕೈಕೆಳಗಿದ್ದರೂ ಆ ಒಂದು ಕೋಣೆಗೆ ಕರೆಯದೆ ಹೋಗುವ ಹಾಗಿಲ್ಲ. ಅದೇ ಅಧಿಕಾರಿಗಳು ಅವನು ಹಡಗು ಬಿಟ್ಟು ಹೋಗುವ ದಿನ ಕಾರಿಗೆ ಹಗ್ಗ ಕಟ್ಟಿ ಕೈಯಾರೆ ಎಳೆದು ಬೀಳ್ಕೊಡುತ್ತಾರೆ.

ಐಎನ್ಎಸ್ ಖುಕ್ರಿಯ ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಅವರ ವಿಷಯ ನಮ್ಮಲ್ಲಿ ಎಲ್ಲ ನಾವಿಕರಿಗೂ ಗೊತ್ತು. 1971ರ ಡಿಸೆಂಬರ್ 9ರ ರಾತ್ರಿ ದಿಯು ಸಮೀಪ ಪಾಕಿಸ್ತಾನದ ಹಂಗೋರ್ ಜಲಾಂತರ್ಗಾಮಿಯ ಟಾರ್ಪೆಡೊಗೆ ಸಿಕ್ಕಿ ಖುಕ್ರಿ ಮುಳುಗಿತು; 18 ಅಧಿಕಾರಿಗಳು, 176 ನಾವಿಕರು ಹೋದರು. ಮುಲ್ಲಾ ಹಡಗು ಬಿಡಲಿಲ್ಲ. ಮಗಳು ತನ್ನ ಕ್ಯಾಪ್ಟನ್‌ಳನ್ನೂ ಹಾಗೆ ಸಾಯಿಸಲು ಹೊರಟಿದ್ದಳು. ಬೇಡ ಎಂದೆ. ಹಡಗಿನ ಜೊತೆ ಸಾಯಲೇಬೇಕು ಎಂದು ಯಾವ ಪುಸ್ತಕವೂ ಹೇಳುವುದಿಲ್ಲ. ತನ್ನ ಜನರ ನಂತರವೇ ತಾನು ಎಂಬುದಷ್ಟೇ ರೂಢಿ. ಆ ರಾತ್ರಿ ಅವರ ಪಾಲಿಗೆ ಆ 'ನಂತರ' ಬರಲಿಲ್ಲ. ಅದನ್ನು ಕಥೆಯ ಅಲಂಕಾರಕ್ಕೆ ಬಳಸಬಾರದು.

ನಾನು ಕಣ್ಣಾರೆ ಕಂಡ ಒಂದನ್ನು ಅದರ ಬದಲು ಕೊಟ್ಟೆ. ಅರಬ್ಬೀ ಸಮುದ್ರದಲ್ಲಿದ್ದೆವು. ನಡುರಾತ್ರಿ ವಾಚ್, ನನ್ನ ಪಾಳಿ. 2 ಗಂಟೆ 20 ನಿಮಿಷಕ್ಕೆ ಒಂದು ಸಂದೇಶ ಬಂತು. ಇಂಜಿನ್ ರೂಮಿನ ಹುಡುಗನೊಬ್ಬನ ತಂದೆ ತೀರಿಕೊಂಡಿದ್ದರು. ದಡ ಸೇರಲು ಇನ್ನೂ ಎರಡು ದಿನ. ಬಂದ ಹೊತ್ತು ಬರೆದು ಸಹಿ ಹಾಕಿದೆ. ಆ ಕ್ಷಣಕ್ಕೆ ಇಡೀ ಹಡಗಿನಲ್ಲಿ ಆ ಸುದ್ದಿ ಗೊತ್ತಿದ್ದವನು ನಾನೊಬ್ಬನೇ. ಅವನ ಜೊತೆ ರಾತ್ರಿ ಊಟ ಮಾಡಿದ್ದೆ. ವಾಚ್ ಅಧಿಕಾರಿ ಓದಿ, ನೇರ ಕ್ಯಾಪ್ಟನ್ ಬಳಿ ಒಯ್ಯಿ ಎಂದರು. ಅವರು ಮಲಗಿದ್ದರು. ಎದ್ದು ಬನಿಯನ್ನಿನಲ್ಲೇ ನಿಂತು ಎರಡು ಸಲ ಓದಿದರು. ಆಮೇಲೆ ಗೂಟದಲ್ಲಿದ್ದ ಬಿಳಿ ಸಮವಸ್ತ್ರ ತೆಗೆದು ಹಾಕಿಕೊಂಡರು, ಒಂದೊಂದೇ ಗುಂಡಿ ಹಾಕಿದರು, ಕೂದಲು ಬಾಚಿದರು. "ಈಗ ಅವನನ್ನು ಕರಿ, ಎರಡು ಟೀ ತರಿಸು" ಎಂದರು. ಬೆಳಗಾಗುವವರೆಗೆ ಆ ಹುಡುಗ ಆ ಕ್ಯಾಬಿನ್ನಿನಿಂದ ಹೊರಗೆ ಬರಲಿಲ್ಲ.

ಮಗಳ ಕಥೆಯ ಕೊನೆಯ ಅಧ್ಯಾಯದಲ್ಲಿ ಈಗ ಭೂಮಿಯಿಂದ ಒಂದು ಸಂದೇಶ ಬರುತ್ತದೆ. ಮೈಸೂರು ನೌಕೆಯನ್ನು ಸೇವೆಯಿಂದ ಬಿಡಿಸಲಾಗಿದೆ, ಧ್ವಜ ಇಳಿಸಬೇಕು. ಕಳಿಸಿ ನಾಲ್ಕು ವರ್ಷ ದಾಟಿದೆ. ಇಷ್ಟು ವರ್ಷ ಅವರು ಇಲ್ಲದ ಹಡಗಿನಲ್ಲಿ ಗಂಟೆ ಬಾರಿಸುತ್ತ ವಾಚ್ ಕಾದಿದ್ದಾರೆ.

"ಸಂದೇಶದ ಮೇಲೆ ಯಾವ ಗಡಿಯಾರದ ಹೊತ್ತು ಬರೀಬೇಕು ಅಪ್ಪಾ, ಭೂಮಿದಾ, ಹಡಗಿಂದಾ?"

"ಎರಡೂ ಬರಿ. ಕಳ್ಸಿದ್ದು ಅವ್ರ ಹೊತ್ತು, ಸಿಕ್ಕಿದ್ದು ನಮ್ಮ ಹೊತ್ತು. ಸಿಗ್ನಲ್‌ನವ ಯಾವತ್ತೂ ಒಂದನ್ನ ಅಳಿಸಿ ಇನ್ನೊಂದು ಬರಿಯೂದಿಲ್ಲ."

ಅವಳು ಎರಡನ್ನೂ ಬರೆದಳು. ಹಡಗಿನದು 'ನಡುರಾತ್ರಿ ವಾಚ್, ಐದು ಪೆಟ್ಟು'. ಸಿಗ್ನಲ್‌ನವನು ಕಾಗದ ಹಿಡಿದು ಕ್ಯಾಬಿನ್ ಬಾಗಿಲು ತಟ್ಟಿದ್ದಾನೆ, ಕ್ಯಾಪ್ಟನ್ ಎದ್ದು ದೀಪ ಹಾಕಿದ್ದಾಳೆ, ಗೂಟದ ಕಡೆ ಕೈ ಚಾಚಿದ್ದಾಳೆ. ನಿನ್ನೆ ರಾತ್ರಿ ಅಲ್ಲಿಗೆ ನಿಲ್ಲಿಸಿ ಮಲಗಿದಳು. ನನ್ನ ಬೋಸನ್ ಕಾಲ್ ಅವಳ ಮೇಜಿನ ಮೇಲೇ ಇದೆ. ಧ್ವಜ ಇಳಿಸುವಾಗ ಯಾವ ದನಿ ಊದುತ್ತಾರೆ ಎಂದು ಬೆಳಿಗ್ಗೆ ಕೇಳುತ್ತಾಳಂತೆ.