ಕೆ ರೀಡಿಂಗ್ 38 ಬಂದಾಗಲೇ ನಿಲ್ಲಬೇಕಿತ್ತು

ಕಣ್ಣಿನ ಪೊರೆ ಆಪರೇಷನ್‌ಗೆ ಮುಂಚೆ ಕಣ್ಣು ಅಳೆದು, ಒಳಗೆ ಹಾಕುವ ಲೆನ್ಸಿನ ಪವರ್ ಲೆಕ್ಕ ಹಾಕುವುದು ನನ್ನ ಕೆಲಸ; ಅದಕ್ಕೆ ಬಯೋಮೆಟ್ರಿ ಅನ್ನುತ್ತಾರೆ. ಎರಡು ವರ್ಷವಾಯಿತು, ಆ ಬಯೋಮೆಟ್ರಿ ಶೀಟು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಬಲಗಣ್ಣು, ಆಕ್ಸಿಯಲ್ ಲೆಂತ್ (ಕಣ್ಣಿನ ಉದ್ದ) 26.4 ಮಿ.ಮೀ., ಕೆ (ಕಣ್ಣಿನ ಮುಂದಿನ ಪಾರದರ್ಶಕ ಪದರ ಕಾರ್ನಿಯಾದ ಬಾಗು) 38.25, 38.50.

ಆವತ್ತು ಲಿಸ್ಟಿನಲ್ಲಿ ಮೂವತ್ತು ಜನ. ಕೌನ್ಸೆಲಿಂಗ್‌ನವರಿಂದ ಫೋನಿನ ಮೇಲೆ ಫೋನು. ಐವತ್ತರ ಆಸುಪಾಸಿನ ಟೀಚರೊಬ್ಬರು ಮೆಷಿನ್‌ಗೆ ಗದ್ದ ಇಟ್ಟು ಕೂತಿದ್ದರು. "ಮೊದಲು ಕಣ್ಣಿಗೆ ಏನಾದ್ರೂ ಆಪರೇಷನ್ ಆಗಿದೆಯಾ ಅಮ್ಮಾ?" ಅಂದೆ. "ಇಲ್ಲ ಮೇಡಂ." ಫಾರಂನಲ್ಲಿ 'ಇಲ್ಲ' ಟಿಕ್ ಮಾಡಿದೆ.

ಕೆ ನೋಡಿ ಒಂದು ಕ್ಷಣ ಕೈ ನಿಂತಿದ್ದು ನಿಜ. ದಿನಾ ನೋಡುವುದು 43, 44. ಕಣ್ಣು ಒಣಗಿರಬೇಕು ಅಂದುಕೊಂಡು ಟಿಯರ್ ಡ್ರಾಪ್ಸ್ ಹಾಕಿ, ಐದು ನಿಮಿಷ ಬಿಟ್ಟು ಮತ್ತೆ ತೆಗೆದೆ. ಅದೇ 38. ಎರಡು ಸಲವೂ ಒಂದೇ ಬಂತಲ್ಲ ಅನ್ನುವ ಸಮಾಧಾನದಲ್ಲಿ ಲೆನ್ಸ್ ಪವರ್ ಲೆಕ್ಕದ ಎಸ್‌ಆರ್‌ಕೆ/ಟಿ ಫಾರ್ಮುಲಾ ಹಾಕಿ ಪ್ರಿಂಟ್ ಕೊಟ್ಟುಬಿಟ್ಟೆ. ಪವರ್ 18.0. ಇಷ್ಟು ಉದ್ದದ ಕಣ್ಣಿಗೆ ಸಾಮಾನ್ಯವಾಗಿ ಮೈನಸ್ ನಂಬರ್ ಇರುತ್ತದೆ; ಇವರು ಇಷ್ಟು ವರ್ಷ ಕನ್ನಡಕವಿಲ್ಲದೆ ಹೇಗಿದ್ದರು ಎಂದು ಕೇಳಲೇ ಇಲ್ಲ.

ಆಪರೇಷನ್ ಆದ ವಾರದ ರಿವ್ಯೂನಲ್ಲಿ, ಕನ್ನಡಕದ ನಂಬರ್ ಅಳೆಯುವ ಎಆರ್ ಮೆಷಿನ್ ಸೊನ್ನೆಯ ಹತ್ತಿರ ಇರಬೇಕಿದ್ದಲ್ಲಿ +2.00 ತೋರಿಸಿತು. ಚಾರ್ಟಿನ ಮೂರನೇ ಸಾಲಿಗೇ ಅವರು ನಿಂತುಬಿಟ್ಟರು. ಕೇಸ್‌ಶೀಟ್ ತಿರುವಿ ಓಟಿಯವರು (ಆಪರೇಷನ್ ಥಿಯೇಟರಿನವರು) ಅಂಟಿಸಿದ್ದ ಲೆನ್ಸ್ ಸ್ಟಿಕ್ಕರ್ ಹುಡುಕಿದೆ. ಬೇರೆಯವರ ಲೆನ್ಸ್ ಹಾಕಿರಲಿ, ತಪ್ಪು ಓಟಿಯವರದ್ದೇ ಆಗಿರಲಿ ಎಂದು ಮನಸ್ಸು ಬೇಡುತ್ತಿತ್ತು. ಇದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ. ಸ್ಟಿಕ್ಕರ್ ಮೇಲೆ 18.0 ಇತ್ತು.

"ಅಮ್ಮಾ, ಮುಂಚೆ ಕನ್ನಡಕ ಹಾಕ್ತಿದ್ರಾ?"

"ಕಾಲೇಜಲ್ಲಿ ಹಾಕ್ತಿದ್ದೆ, ಮೈನಸ್ ಆರು. ಮದುವೆಗೆ ಮುಂಚೆ ನಮ್ಮಪ್ಪ ಲೇಸರ್ ಮಾಡಿಸಿದ್ರು."

"ನಾನು ಕೇಳಿದಾಗ ಹೇಳ್ಲಿಲ್ವಲ್ಲಮ್ಮ?"

"ನೀವು ಆಪರೇಷನ್ ಅಂದ್ರಿ. ಅದು ಲೇಸರ್ ಅಲ್ವಾ? ಆವತ್ತೇ ಮನೆಗೆ ಕಳಿಸಿದ್ರು."

ಮೈನಸ್ ತೆಗೆಯುವ ಆ ಲೇಸರ್, ಅಂದರೆ ಲೇಸಿಕ್, ಕಾರ್ನಿಯಾದ ಮುಂಭಾಗವನ್ನು ಚಪ್ಪಟೆ ಮಾಡುತ್ತದೆ, ಹಿಂಭಾಗ ಹೆಚ್ಚುಕಡಿಮೆ ಇದ್ದ ಹಾಗೇ ಇರುತ್ತದೆ. ನಮ್ಮ ಮೆಷಿನ್ ಅಳೆಯುವುದು ಮುಂಭಾಗವನ್ನಷ್ಟೇ. ಹಿಂಭಾಗಕ್ಕೆ, ಸಾಮಾನ್ಯ ಕಣ್ಣಿಗೆ ಹೊಂದುವ 1.3375 ಎಂಬ ಸ್ಥಿರ ಸಂಖ್ಯೆ ಹಿಡಿದು ಅಂದಾಜಿನ ಲೆಕ್ಕ. ಇಂಥ ಕಣ್ಣಿನಲ್ಲಿ ಆ ಅಂದಾಜು ತಪ್ಪಿ ಕಾರ್ನಿಯಾದ ಪವರ್ ಇರುವುದಕ್ಕಿಂತ ಜಾಸ್ತಿ ಬರುತ್ತದೆ. ಸಾಲದ್ದಕ್ಕೆ ಎಸ್‌ಆರ್‌ಕೆ/ಟಿ ಆ ಚಪ್ಪಟೆ ಕೆ ನಂಬಿ, ಲೆನ್ಸ್ ನಿಜವಾಗಿ ಕೂರುವ ಜಾಗಕ್ಕಿಂತ ಮುಂದೆ ಕೂರುತ್ತದೆ ಎಂದು ಲೆಕ್ಕ ಹಾಕುತ್ತದೆ. ಎರಡು ತಪ್ಪೂ ಸೇರಿ ಲೆನ್ಸ್ ಪವರನ್ನು ಇಳಿಸುತ್ತವೆ. ಲೇಸಿಕ್‌ನಂಥದ್ದು ಆದ ಕಣ್ಣಿಗೆಂದೇ ಇರುವ ಬ್ಯಾರೆಟ್ ಟ್ರೂ-ಕೆ ಹಾಕಿದಾಗ 21 ಬಂತು. ಆ ಫಾರ್ಮುಲಾ ಅದೇ ಮೆಷಿನ್‌ನಲ್ಲಿತ್ತು.

ಆಪರೇಷನ್ ಮಾಡಿದ ಸರ್ ಬೈಯಲಿಲ್ಲ. "ಬ್ಯಾಗ್ ಅಂಟಿಕೊಳ್ಳೋದ್ರೊಳಗೆ ಲೆನ್ಸ್ ಬದಲಿಸೋಣ" ಅಂದರು, ಅಷ್ಟೇ. ಬ್ಯಾಗ್ ಅಂದರೆ ಕಣ್ಣೊಳಗೆ ಲೆನ್ಸ್ ಕೂರುವ ತೆಳುಪೊರೆಯ ಚೀಲ. ಓಟಿ ಬಾಗಿಲಲ್ಲಿ ಟೀಚರ್ "ಈ ಸಲ ಸರಿಹೋಗುತ್ತಾ ಮೇಡಂ?" ಅಂದರು. ಲೇಸಿಕ್ ಆದ ಕಣ್ಣಿಗೆ ಯಾವ ಫಾರ್ಮುಲಾವೂ ಖಾತ್ರಿ ಕೊಡುವುದಿಲ್ಲ. "ಹತ್ತಿರ ಬರುತ್ತೆ ಅಮ್ಮಾ" ಅಂದೆ. ಮೊದಲ ಸಲವೇ ಅವರಿಗೆ ಈ ಮಾತು ಹೇಳಬೇಕಿತ್ತು. ಲೆನ್ಸ್ ಬದಲಿಸಿದ ಮೇಲೆ ನಂಬರ್ ಮೈನಸ್ ಅರ್ಧಕ್ಕೆ ಬಂದು ನಿಂತಿತು.

ಫಾರಂ ಬದಲಿಸಿ ಎಂದು ಆಡಳಿತಕ್ಕೆ ಮೂರು ಸಲ ಬರೆದಿದ್ದೇನೆ. ಇವತ್ತಿಗೂ ಹೌದು, ಇಲ್ಲ ಎರಡೇ ಬಾಕ್ಸು. ಅದರ ಪಕ್ಕದಲ್ಲಿ ಪೆನ್ನಿನಲ್ಲಿ ನಾನೇ ಬರೆದುಕೊಳ್ಳುತ್ತೇನೆ: 'ಕನ್ನಡಕ ಇತ್ತಾ? ಹೇಗೆ ಹೋಯ್ತು?' ಕೆ 40ರ ಕೆಳಗೆ ಬಂದರೆ, ಕೌನ್ಸೆಲಿಂಗ್‌ನವರು ಎಷ್ಟು ಸಲ ಫೋನ್ ಮಾಡಿದರೂ ಸರಿ, ಟೋಪೋಗ್ರಫಿ (ಕಾರ್ನಿಯಾದ ಆಕಾರದ ನಕ್ಷೆ) ಆಗದೆ ಪ್ರಿಂಟ್ ಕೊಡುವುದಿಲ್ಲ.