ನಾಲ್ಕು ಲಿಂಕ್‌ಗಳಿದ್ದೂ ಒಂದೇ ಏಕೆ ತುಂಬುತ್ತದೆ?

ಎರಡು ನೆಟ್‌ವರ್ಕ್ ಸ್ವಿಚ್‌ಗಳ ನಡುವೆ ಸೆಕೆಂಡಿಗೆ 10 ಗಿಗಾಬಿಟ್‌ನ ನಾಲ್ಕು ಲಿಂಕ್ ಎಳೆದು, ಹಲವು ಲಿಂಕ್‌ಗಳನ್ನು ಒಂದಾಗಿ ಕಟ್ಟುವ ಎಲ್‌ಎಸಿಪಿ ಪ್ರೊಟೊಕಾಲ್ ಮೂಲಕ ಒಂದುಗೂಡಿಸಿ, 40 ಗಿಗಾಬಿಟ್ ಸಿಕ್ಕಿತೆಂದು ಲೆಕ್ಕ ಹಾಕುವವರು ಬಹಳ ಮಂದಿ. ಆದರೆ ರಾತ್ರಿ ನಡೆಯುವ ದೊಡ್ಡ ಬ್ಯಾಕಪ್ ಒಂದೇ ಟಿಸಿಪಿ ಸಂಪರ್ಕವಾಗಿದ್ದರೆ ಅದಕ್ಕೆ 10 ಗಿಗಾಬಿಟ್‌ಗಿಂತ ಹೆಚ್ಚು ದಕ್ಕುವುದಿಲ್ಲ. ಮೂಲ ಮತ್ತು ಗಮ್ಯ ಐಪಿ ವಿಳಾಸ, ಪ್ರೊಟೊಕಾಲ್ ಸಂಖ್ಯೆ, ಎರಡೂ ಬದಿಯ ಪೋರ್ಟ್ ಸಂಖ್ಯೆ ಎಂಬ ಐದನ್ನು ಸ್ವಿಚ್ ಸಾಮಾನ್ಯವಾಗಿ ಹ್ಯಾಶ್ ಮಾಡಿ (ಒಂದು ಸೂತ್ರಕ್ಕೆ ಹಾಕಿ ಒಂದೇ ಸಂಖ್ಯೆಯಾಗಿಸಿ), ಬಂದ ಉತ್ತರಕ್ಕೆ ತಕ್ಕ ಲಿಂಕನ್ನು ಆರಿಸುತ್ತದೆ. ಒಂದು ಸಂಪರ್ಕದ ಒಂದು ದಿಕ್ಕಿನ ಪ್ಯಾಕೆಟ್‌ಗಳಲ್ಲೆಲ್ಲ ಈ ಐದೂ ಬದಲಾಗದಿರುವುದರಿಂದ ಅವೆಲ್ಲವೂ ಒಂದೇ ದಾರಿ ಹಿಡಿಯುತ್ತವೆ. ಪ್ಯಾಕೆಟ್‌ಗಳನ್ನು ಸರದಿಯಂತೆ ಹಂಚಿದ್ದರೆ ಅವು ಹಿಂದುಮುಂದಾಗಿ ತಲುಪುತ್ತಿದ್ದವು, ಸಾಂಪ್ರದಾಯಿಕ ಟಿಸಿಪಿ ಅದನ್ನು ನಷ್ಟವೆಂದು ಭಾವಿಸಿ ವೇಗ ತಗ್ಗಿಸುತ್ತಿತ್ತು. ಆದ್ದರಿಂದ ಈ ಮಿತಿಯನ್ನು ನಾನು ದೋಷವೆನ್ನಲಾರೆ.

ನಿಜವಾದ ದೋಷ, ಮತ್ತು ನನ್ನ ಮಟ್ಟಿಗೆ ಅತ್ಯಂತ ಕಡಿಮೆ ಗಮನ ಪಡೆಯುವ ದೋಷ, ಪೋಲರೈಸೇಶನ್, ಅಂದರೆ ಒಂದರ ನಂತರ ಒಂದು ಹಂತದಲ್ಲೂ ಸಂಚಾರ ಒಂದೇ ಬದಿಗೆ ವಾಲುವುದು. ಮೊದಲ ಹಂತದ ಸ್ವಿಚ್‌ಗೆ ಮೇಲ್ಮುಖವಾಗಿ ಎರಡು ದಾರಿಗಳಿವೆ, ಹ್ಯಾಶ್ ಸಮಸಂಖ್ಯೆಯಾದರೆ ಎಡಕ್ಕೆ, ಬೆಸವಾದರೆ ಬಲಕ್ಕೆ ಎಂದಿಟ್ಟುಕೊಳ್ಳಿ. ಎಡಕ್ಕೆ ಬಂದ ಫ್ಲೋಗಳೆಲ್ಲ, ಅಂದರೆ ಒಂದೊಂದು ಸಂಪರ್ಕದ ಒಂದು ದಿಕ್ಕಿನ ಪ್ಯಾಕೆಟ್ ಸಾಲುಗಳೆಲ್ಲ, ಸಮಸಂಖ್ಯೆಯವೇ. ಅಲ್ಲಿನ ಸ್ವಿಚ್ ಕೂಡ ಅದೇ ಐದು ಅಂಶಗಳನ್ನು ಅದೇ ಸೂತ್ರದಿಂದ ಹ್ಯಾಶ್ ಮಾಡಿ ಮತ್ತೆ ಸಮ–ಬೆಸ ನೋಡಿದರೆ, ಎಲ್ಲ ಫ್ಲೋಗಳೂ ಅದರ ಎಡದ ಲಿಂಕಿಗೇ ಬೀಳುತ್ತವೆ, ಬಲದ್ದು ಖಾಲಿಯಾಗಿಯೇ ಉಳಿಯುತ್ತದೆ. ಒಂದೇ ಮಾದರಿಯ ಸ್ವಿಚ್‌ಗಳನ್ನು ಒಂದೇ ಕಾನ್ಫಿಗರೇಶನ್‌ನಲ್ಲಿ ಜೋಡಿಸಿದಲ್ಲಿ ಇದು ಸುಲಭವಾಗಿ ತಲೆದೋರುತ್ತದೆ. ಪರಿಹಾರವೆಂದರೆ ಪ್ರತಿ ಸ್ವಿಚ್‌ಗೂ, ಕನಿಷ್ಠ ಪ್ರತಿ ಹಂತಕ್ಕೂ, ಬೇರೆ ಹ್ಯಾಶ್ ಸೀಡ್, ಅಂದರೆ ಹ್ಯಾಶ್ ಸೂತ್ರಕ್ಕೆ ಸೇರಿಸುವ ಆರಂಭಿಕ ಸಂಖ್ಯೆ, ಕೊಡುವುದು. ಹೊಸ ಲಿಂಕ್‌ಗೆ ಹಣ ಕೇಳುವ ಮುನ್ನ ಪ್ರತಿ ಪೋರ್ಟಿನ ಕೌಂಟರ್ ನೋಡಿ, ಸೀಡ್ ಪರಿಶೀಲಿಸಬೇಕೆಂದು ನಾನು ಒತ್ತಿ ಹೇಳುತ್ತೇನೆ.

ಒಂದು ಪ್ಯಾಕೆಟನ್ನು ಇನ್ನೊಂದರೊಳಗೆ ಇಟ್ಟು ಸಾಗಿಸುವ ಟನೆಲ್‌ಗಳಲ್ಲಿ ಹೊರಗಿನ ಹೆಡರ್ (ವಿಳಾಸ ಮುಂತಾದವುಳ್ಳ ತಲೆಭಾಗ) ಮಾತ್ರ ಸ್ವಿಚ್‌ಗೆ ಕಾಣುವುದರಿಂದ ಸಾವಿರಾರು ಫ್ಲೋಗಳು ಒಂದಾಗಿ ತೋರಬಹುದು. ವಿಎಕ್ಸ್‌ಲ್ಯಾನ್ ಎಂಬ ಟನೆಲ್ ವಿಧಾನ ಒಳಗಿನ ಹೆಡರ್‌ನ ಹ್ಯಾಶನ್ನೇ ಹೊರಗಿನ ಯುಡಿಪಿ ಮೂಲ ಪೋರ್ಟಿನಲ್ಲಿ ಇರಿಸಿ ಇದನ್ನು ನಿವಾರಿಸುತ್ತದೆ.

ಲಿಂಕ್ ಕೆಟ್ಟಾಗ ಇನ್ನೊಂದು ತೊಡಕು ಏಳುತ್ತದೆ. ಹ್ಯಾಶನ್ನು ಲಿಂಕ್‌ಗಳ ಸಂಖ್ಯೆಯಿಂದ ಭಾಗಿಸಿ ಶೇಷ ನೋಡುವ ಪದ್ಧತಿಯಲ್ಲಿ ನಾಲ್ಕು ಮೂರಾದರೆ, ಕೆಟ್ಟ ಲಿಂಕಿನ ಕಾಲುಭಾಗ ಫ್ಲೋಗಳಷ್ಟೇ ಅಲ್ಲ, ಸುಮಾರು ಮುಕ್ಕಾಲು ಭಾಗ ಸ್ಥಾನ ಬದಲಿಸುತ್ತವೆ. ದಾರಿಗಳ ತುದಿಯಲ್ಲಿ ಬೇರೆ ಬೇರೆ ಸರ್ವರ್‌ಗಳಿದ್ದರೆ, ಚೆನ್ನಾಗಿ ನಡೆಯುತ್ತಿದ್ದ ಸಂಪರ್ಕಗಳೂ ಅವುಗಳ ಪರಿಚಯವೇ ಇಲ್ಲದ ಸರ್ವರ್‌ಗೆ ಹೋಗಿ ಕಡಿದುಬೀಳುತ್ತವೆ. ಹ್ಯಾಶ್‌ಗೂ ಲಿಂಕಿಗೂ ನಡುವೆ ಬಕೆಟ್‌ಗಳ (ಹ್ಯಾಶ್ ಉತ್ತರಗಳ ಗುಂಪುಗಳ) ಸ್ಥಿರ ಪಟ್ಟಿಯನ್ನಿಟ್ಟು, ಕೆಟ್ಟ ಲಿಂಕಿನ ಬಕೆಟ್‌ಗಳನ್ನಷ್ಟೇ ಬೇರೆಡೆಗೆ ಹಂಚುವ ರೆಸಿಲಿಯೆಂಟ್ ಹ್ಯಾಶಿಂಗ್ ಇದಕ್ಕೆ ಉತ್ತರ. ಲಿನಕ್ಸ್ ಕರ್ನೆಲ್‌ಗೆ ಇದು 2021ರಲ್ಲಿ, 5.13ನೇ ಆವೃತ್ತಿಯೊಂದಿಗೆ ಬಂದಿತು.